ಗುಂಡ್ಲುಪೇಟೆಯ ಕಾಡುದಾರಿ

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯು ನಂಜನಗೂಡು, ಬೇಗೂರು, ಗುಂಡ್ಲುಪೇಟೆ, ಹಂಗಳ ಎಂಬ ಊರುಗಳನ್ನು ಹಾದು, ಮೇಲುಕಾಮನಹಳ್ಳಿಯನ್ನು ಬಿಟ್ಟೊಡನೆ ಬಂಡೀಪುರದ ಅರಣ್ಯವನ್ನು ಹೊಗುತ್ತದೆ. ಕೆಕ್ಕನಹಳ್ಳದ ಬಳಿ ಕರ್ಣಾಟಕದ ಎಲ್ಲೆಯು ಮುಗಿದು ಮುದುಮಲೆಯ ಕಾಡು ಮೊದಲಾಗುವುದು. ತೆಪ್ಪಕಾಡಿನಲ್ಲಿ ಮೋಯಾರ್ ನದಿಯ ದಡವನ್ನು ಸೇರಿದ ಮೇಲೆ ದಾರಿಯು ಎರಡಾಗಿ ಸೀಳಿ, ಒಂದು ಕವಲು ಗೂಡಲೂರನ್ನು ಬಳಸಿ ಮೆಲ್ಲಗೆ ಬೆಟ್ಟವನ್ನು ಹತ್ತುತ್ತದೆ. ಮತ್ತೊಂದು ಮಸಿನಗುಡಿಯನ್ನು ದಾಟಿ ಕಲ್ಲಹಟ್ಟಿಯ ಘಟ್ಟದಲ್ಲಿ ಮೂವತ್ತಾರು ತಿರುವುಗಳನ್ನು ಸುತ್ತಿ ನೆಟ್ಟಗೆ ಮೇಲಕ್ಕೆ ಏರುತ್ತದೆ. ಗುಂಡ್ಲುಪೇಟೆಯಲ್ಲಿಯೇ ಅಗಲುವ ಇನ್ನೊಂದು ಮಾರ್ಗವು ಪಶ್ಚಿಮಕ್ಕೆ ತಿರುಗಿ, ಅದೇ ಕಾಡಿನ ಬೇರೊಂದು ಮಗ್ಗುಲನ್ನು ಕೊರೆದುಕೊಂಡು ಸುಲ್ತಾನ್ ಬತ್ತೇರಿಗೂ ಅಲ್ಲಿಂದ ಕಲ್ಲಿಕೋಟೆಗೂ ನಡೆಯುತ್ತದೆ. ರಜೆಯ ದಿನಗಳಲ್ಲಿ ಮಕ್ಕಳುಮರಿಗಳೊಡನೆ ಮೋಟಾರುಗಳಲ್ಲಿ ಕುಳಿತು ಈ ದಾರಿಗಳನ್ನು ಹಿಡಿಯುವ ಸಂಸಾರಗಳಿಗೆ ಲೆಕ್ಕವಿಲ್ಲ. ರಾತ್ರಿ ಒಂಬತ್ತು ಗಂಟೆಯಿಂದ ಬೆಳಿಗ್ಗೆ ಆರು ಗಂಟೆಯವರೆಗೆ ಮಾತ್ರ ಇಲ್ಲಿ ಸಾಮಾನ್ಯ ಸಂಚಾರಕ್ಕೆ ಪ್ರತಿಬಂಧವುಂಟು. ಈ ಪ್ರತಿಬಂಧವನ್ನು ಕುರಿತು ಎರಡು ರಾಜ್ಯಗಳ ನಡುವೆ ನಡೆದಿರುವ ವಾದವನ್ನು ಕೇಳಿದವರು, ಇದು ಈಚಿನವರು ಹೂಡಿದ ಹೊಸ ಕಟ್ಟಳೆಯೆಂದು ಭಾವಿಸುವುದು ಸಹಜ. ದಾರಿಯ ಪೂರ್ವವೃತ್ತಾಂತವನ್ನು ನೋಡಿದರೆ ಆ ಭಾವನೆಯು ನಿಲ್ಲುವುದಿಲ್ಲ.

ಗುಂಡ್ಲುಪೇಟೆಗೆ ಪೂರ್ವದಲ್ಲಿ ವಿಜಯಪುರವೆಂಬ ಹೆಸರಿದ್ದಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು (1673-1704) ತಮ್ಮ ತಂದೆಯು ಇಲ್ಲಿ ದೇಹವನ್ನು ಬಿಟ್ಟುದರಿಂದ, 1674ರಲ್ಲಿ ಆತನ ಪುಣ್ಯಾರ್ಥವಾಗಿ ಅಗ್ರಹಾರವನ್ನು ಮಾಡಿಸಿ, ಅಪರಿಮಿತ ಪರವಾಸುದೇವನ ಗುಡಿಯನ್ನು ಕಟ್ಟಿಸಿದರು. ಪಟ್ಟಕ್ಕೆ ಬರುವ ಮುನ್ನ ಈ ಅರಸರು ಹಂಗಳದಲ್ಲಿ ನಿಗ್ರಹದಲ್ಲಿ ಇರಿಸಲ್ಪಟ್ಟಿದ್ದರೆಂದೂ, ಜೈನನಾದ ವಿಶಾಲಾಕ್ಷ ಪಂಡಿತನು ಅಲ್ಲಿ ಅವರ ಸಂಗಾತಿಯಾಗಿದ್ದನೆಂದೂ ವಿಲ್ಕ್ಸನು ತನ್ನ ಮೈಸೂರಿನ ಚರಿತ್ರೆಯಲ್ಲಿ ಹೇಳುತ್ತಾನೆ. ರಾಜಧಾನಿಯಿಂದ ದೂರವಿಡಬೇಕಾದವರನ್ನು ಇಡುವುದಕ್ಕೆ ತಕ್ಕ ಸ್ಥಳವು ಕಾಡಿನ ಅಂಚು ಎಂಬುದು ಆ ಕಾಲದವರ ಎಣಿಕೆಯಾಗಿದ್ದಿರಬೇಕು. ಹಂಗಳದ ಪಕ್ಕದಲ್ಲಿ ತಲೆಯೆತ್ತಿ ನಿಂತಿರುವ ಹಿಮವದ್ಗೋಪಾಲಸ್ವಾಮಿ ಬೆಟ್ಟವು 1454 ಮೀಟರುಗಳಷ್ಟು ಎತ್ತರವುಳ್ಳದ್ದು. ಅದರ ಶಿಖರದಲ್ಲಿರುವ ವೇಣುಗೋಪಾಲನ ಗುಡಿಯು ಹೊಯ್ಸಳ ಬಲ್ಲಾಳನ ಕಾಲದ್ದೆಂದು ಪ್ರತೀತಿ. ಯಾತ್ರಿಕರು ಈ ಬೆಟ್ಟದವರೆಗೆ ಬರುತ್ತಿದ್ದರು. ದೇವರ ದರ್ಶನವನ್ನು ಮಾಡಿಕೊಂಡು ಹಿಂದಿರುಗುತ್ತಿದ್ದರು. ಅಲ್ಲಿಂದ ತೆಂಕಣ ಕಾಡನ್ನು ಪ್ರವೇಶಿಸುವವರು ಸೈನಿಕರು, ಬೇಟೆಗಾರರು, ಎತ್ತಿನ ಮೇಲೆ ಹೇರು ಹೊರಿಸಿಕೊಂಡು ಹೋಗುವ ವ್ಯಾಪಾರಿಗಳು ಮಾತ್ರ. ಕಾಡಿನೊಳಗೆ ಬಾಳುತ್ತಿದ್ದ ಕುರುಬರಿಗೂ ಸೋಲಿಗರಿಗೂ ಅದು ದಾರಿಯೇ ಅಲ್ಲ, ಮನೆ.

ಅರಣ್ಯಮಾರ್ಗಗಳ ವಿಷಯದಲ್ಲಿ ನಮ್ಮ ಪ್ರಾಚೀನರು ಬಹಳ ವಿವೇಕದಿಂದ ನಡೆದುಕೊಂಡಿದ್ದರು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಮಹಾಮಹೋಪಾಧ್ಯಾಯ ಶಾಮಶಾಸ್ತ್ರಿಗಳಿಗೆ ದೊರಕಿ, 1909ರಲ್ಲಿ ಅವರಿಂದ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಗಳ ಅಗಲವನ್ನು ವಿಧಿಸುವ ಭಾಗವೊಂದಿದೆ. ಸೇತುವಿಗೂ ವನಕ್ಕೂ ಹೋಗುವ ದಾರಿಯು ನಾಲ್ಕು ದಂಡಗಳಷ್ಟು, ಎಂದರೆ ಸುಮಾರು ಇಪ್ಪತ್ತನಾಲ್ಕು ಅಡಿಗಳಷ್ಟು, ಅಗಲವಿರತಕ್ಕದ್ದು. ಆನೆಗಳ ದಾರಿಗೂ ಹೊಲದ ದಾರಿಗೂ ಎರಡು ದಂಡಗಳು ಸಾಕು. ಆನೆಗೆ ತನ್ನದೇ ಆದ ಪಥವೊಂದುಂಟು, ಅದನ್ನು ಅಳತೆಮಾಡಿ ಬಿಟ್ಟುಕೊಡತಕ್ಕದ್ದೆಂಬ ತಿಳಿವಳಿಕೆಯು ಇಲ್ಲಿ ಸ್ಪಷ್ಟವಾಗಿದೆ. ಅದೇ ಗ್ರಂಥವು ರಾಜ್ಯದ ಎಲ್ಲೆಯಲ್ಲಿ ಹಸ್ತಿವನವನ್ನು ಕಾಯುವುದಕ್ಕೆ ಅಧಿಕಾರಿಯನ್ನು ನೇಮಿಸಿ, ಆನೆಯನ್ನು ಕೊಂದವನಿಗೆ ಮರಣದಂಡನೆಯನ್ನು ವಿಧಿಸುತ್ತದೆ. ಇದು ದಯೆಯಿಂದ ಹುಟ್ಟಿದ ವಿಧಿಯಲ್ಲ, ಸೈನ್ಯಕ್ಕೆ ಆನೆಗಳು ಬೇಕಾಗಿದ್ದುವು ಎಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯೇ. ಆದರೆ ಉದ್ದೇಶವು ಏನಾಗಿದ್ದರೂ ಕಾಡು ಉಳಿದುಕೊಂಡಿತು.

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ಓದಿದವರಿಗೆ ದಮಯಂತಿಯು ವರ್ತಕರ ಸಾರ್ಥವೊಂದನ್ನು ಕೂಡಿಕೊಂಡ ಸಂದರ್ಭವು ನೆನಪಿರಬಹುದು. ನಳನಿಂದ ಅಗಲಿ ಒಂಟಿಯಾಗಿ ಕಾಡಿನಲ್ಲಿ ಅಲೆಯುತ್ತಿದ್ದ ಆಕೆಯು, ಚೇದಿದೇಶದ ಕಡೆಗೆ ಹೊರಟಿದ್ದ ಆ ಜನರನ್ನು ಕಂಡು ಅವರೊಡನೆ ನಡೆದಳು. ದಿನಗಳು ಕಳೆದ ಮೇಲೆ ಅವರಿಗೆ ಕಮಲಗಳಿಂದ ತುಂಬಿದ ಸರೋವರವೊಂದು ಕಣ್ಣಿಗೆ ಬಿದ್ದಿತು. ಬಳಲಿದ ಎತ್ತುಗಳನ್ನು ಬಿಚ್ಚಿ, ದಡದಲ್ಲಿ ಹಾಸಿಕೊಂಡು ಎಲ್ಲರೂ ಮಲಗಿದರು. ನಡುರಾತ್ರಿಯಲ್ಲಿ ನೀರನ್ನು ಕುಡಿಯಲು ಬಂದ ಕಾಡಾನೆಗಳ ಹಿಂಡು, ತಾನು ನಿತ್ಯವೂ ಬರುವ ದಾರಿಯಲ್ಲಿ ಈ ಜನರೂ ಬಂಡಿಗಳೂ ಪಶುಗಳೂ ಅಡ್ಡಲಾಗಿ ಬಿದ್ದಿರುವುದನ್ನು ಕಂಡು ಮೇಲೆ ಹಾಯ್ದು ತುಳಿದು ಹೋಯಿತು. ಬದುಕಿ ಉಳಿದವರು ಆನೆಗಳನ್ನು ದೂರಲಿಲ್ಲ, ತಾವು ಮಲಗಿದ ಜಾಗವನ್ನೂ ದೂರಲಿಲ್ಲ. ಆಗತಾನೆ ತಮ್ಮೊಡನೆ ಬಂದು ಸೇರಿದ ಹೆಂಗಸಿನ ಕಾಲ್ಗುಣವೇ ಈ ಅನರ್ಥಕ್ಕೆ ಕಾರಣವೆಂದು ಆಡಿಕೊಂಡರು. ಕವಿಯು ಮನುಷ್ಯಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲನು! ಮೃಗಗಳು ನೀರಿಗಿಳಿಯುವ ಹೊತ್ತಿನಲ್ಲಿ ಅವುಗಳ ಹಾದಿಯಲ್ಲಿರಬಾರದೆಂಬ ಈ ಸಾಮಾನ್ಯ ತಿಳಿವಳಿಕೆಯು ಕಾವ್ಯದಲ್ಲಿ ಮಾತ್ರವಲ್ಲದೆ ಲೋಕದಲ್ಲಿಯೂ ಇದ್ದಿತು. ಎತ್ತಿನ ಬಂಡಿಗಳ ಕಾಲದಲ್ಲಿ ಕಾಡನ್ನು ದಾಟಬೇಕಾದವರು ಒಬ್ಬರಿಗಾಗಿ ಒಬ್ಬರು ಕಾದು, ಗುಂಪು ಕೂಡಿ, ಹೊತ್ತೇರಿದ ಮೇಲೆ ಹೊರಟು, ಹೊತ್ತಿಳಿಯುವ ಮುನ್ನ ಊರನ್ನು ಸೇರುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದಾರಿಗೆ ಹೊಸ ಪ್ರಯೋಜನವೊಂದು ಬಂದಿತು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ನನು 1819ರಲ್ಲಿ ನೀಲಗಿರಿಯನ್ನು ಹತ್ತಿ, ಕೆಲವೇ ವರ್ಷಗಳಲ್ಲಿ ಉದಕಮಂಡಲದಲ್ಲಿ ಮನೆಯನ್ನು ಕಟ್ಟಿಸಿದನು. ಬೆಟ್ಟದ ತಂಪು ಇಂಗ್ಲಿಷರ ಮನಸ್ಸನ್ನು ಹಿಡಿಯಿತು. ಮುಂದೆ ಭಾರತದ ದಂಡಸಂಹಿತೆಯ ಕರಡನ್ನು ರಚಿಸಿದ ಮೆಕಾಲೆಯು 1834ರಲ್ಲಿ ಮದ್ರಾಸಿನಲ್ಲಿ ಹಡಗಿನಿಂದ ಇಳಿದಾಗ, ಗವರ್ನರ್ ಜನರಲ್ ಬೆಂಟಿಂಕನು ಉದಕಮಂಡಲದಲ್ಲಿದ್ದನು. ಅವನನ್ನು ಕಾಣಲು ಮೆಕಾಲೆಯು ಬೋಯಿಗಳ ಹೆಗಲ ಮೇಲೆ ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮಾರ್ಗವಾಗಿ ಪ್ರಯಾಣಮಾಡಿದನು. ಅವನೊಡನೆ ಇಂಗ್ಲೆಂಡಿನಿಂದ ಬಂದಿದ್ದ ತಂಗಿಯು ಈ ಪ್ರಯಾಣಕ್ಕೆ ಬರಲಿಲ್ಲ. ಸಮುದ್ರದ ಮೇಲೆ ಕಲ್ಕತ್ತೆಗೆ ಹೋದಳು. ಹೆಂಗಸರನ್ನೂ ಮಕ್ಕಳನ್ನೂ ಸಂತೋಷಕ್ಕಾಗಿ ಕಾಡಿನ ಮೂಲಕ ಕರೆದುಕೊಂಡು ಹೋಗುವ ಆಲೋಚನೆಯು ಇನ್ನೂ ಹುಟ್ಟಿರಲಿಲ್ಲ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿಯೂ, ಅಲ್ಲಿಂದ ಚಾಮರಾಜನಗರಕ್ಕೆ 1926ರಲ್ಲಿಯೂ ರೈಲು ಬಂದಿತು. ಕೊಯಮತ್ತೂರಿನ ಕಡೆಯಿಂದ ಬೆಟ್ಟವನ್ನು ಹತ್ತುವ ರೈಲು 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. ನಡುವಣ ಕಾಡಿಗೆ ಮಾತ್ರ ಹಳಿಗಳು ಬರಲಿಲ್ಲ. ಮೈಸೂರಿನ ಕಡೆಯಿಂದ ಹೋಗುವವರಿಗೆ ಕಲ್ಲು ಮಣ್ಣಿನ ದಾರಿಯೇ ಗತಿಯಾಯಿತು.

ಹುಲಿ ಆನೆಗಳಿಗಿಂತಲೂ ಹೆಚ್ಚಾಗಿ ಈ ದಾರಿಯನ್ನು ಕಾಯುತ್ತಿದ್ದ ಮತ್ತೊಂದು ಪ್ರಾಣಿಯುಂಟು. ಅದು ಸೊಳ್ಳೆ. ಬೆಟ್ಟದ ಬುಡದ ಸೀಗೂರು, ಮೋಯಾರ್ ಕಣಿವೆ, ವಯನಾಡುಗಳಲ್ಲಿ ಒಂದು ರಾತ್ರಿ ತಂಗಿದವನು ಚಳಿಜ್ವರವನ್ನು ಹೊತ್ತುಕೊಂಡೇ ಏಳುವನೆಂದು ಜನರು ನಂಬಿದ್ದರು. ಜ್ವರಕ್ಕೆ ಕಾಡಿನ ಕೆಟ್ಟ ಗಾಳಿಯೇ ಕಾರಣವೆಂದು ವೈದ್ಯರೂ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ರೊನಾಲ್ಡ್ ರಾಸ್ ಎಂಬ ಸೇನಾವೈದ್ಯನು 1897ರ ವಸಂತದಲ್ಲಿ ರಜೆಯನ್ನು ಪಡೆದು ಉದಕಮಂಡಲಕ್ಕೆ ಹೋಗಿ, ಅಲ್ಲಿಂದ ಈ ಜ್ವರವನ್ನು ಪರೀಕ್ಷಿಸುವುದಕ್ಕಾಗಿಯೇ ಸೀಗೂರಿನ ಘಟ್ಟಕ್ಕೆ ಇಳಿದನು; ಇಳಿದವನಿಗೆ ಜ್ವರವೂ ಹಿಡಿಯಿತು. ಅದೇ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡುಹಿಡಿದು, ಗಾಳಿಯ ಮೇಲಿದ್ದ ಅಪವಾದವನ್ನು ತೊಡೆದುಹಾಕಿದನು. 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಿಕವು ದೊರಕಿತು. ಜ್ವರದ ಕಾರಣವು ತಿಳಿದರೂ ಜ್ವರದ ಹೆದರಿಕೆಯು ಮತ್ತೆ ಅರ್ಧ ಶತಮಾನದವರೆಗೆ ಉಳಿಯಿತು. ಮಲೇರಿಯವನ್ನು ಹತೋಟಿಗೆ ತರುವ ರಾಷ್ಟ್ರೀಯ ಕಾರ್ಯಕ್ರಮವು 1953ರಲ್ಲಿ ಪ್ರಾರಂಭವಾಗಿ, ಡಿ.ಡಿ.ಟಿ. ಪುಡಿಯು ಹಳ್ಳಿಹಳ್ಳಿಗೂ ಬಂದ ಮೇಲೆಯೇ ಈ ಕಣಿವೆಗಳಲ್ಲಿ ಹೊರಗಿನವರು ನಿರ್ಭಯವಾಗಿ ಮನೆಮಾಡಲು ಸಾಧ್ಯವಾದುದು. ರಾತ್ರಿಯ ಹೊತ್ತು ಈ ಕಾಡಿನ ಬಾಗಿಲನ್ನು ಮುಚ್ಚಿದ್ದುದು ಜ್ವರವೂ ಭಯವೂ ಆಗಿದ್ದುವು. ಆಗ ಯಾವ ನ್ಯಾಯಸ್ಥಾನದ ಆಜ್ಞೆಯೂ ಬೇಕಾಗಿರಲಿಲ್ಲ.

ಕಾಡು ಹೀಗೆ ತಾನಾಗಿ ಮುಚ್ಚಿಕೊಂಡಿದ್ದರೂ ಅದರೊಳಗಿನ ಪ್ರಾಣಿಗಳಿಗೆ ಕ್ಷೇಮವಿದ್ದಿತೆಂದು ತಿಳಿಯಬಾರದು. ಹುಲಿಯನ್ನು ಕೊಂದು ತಂದವರಿಗೆ ಸರ್ಕಾರದವರು ಬಹುಮಾನ ಕೊಡುತ್ತಿದ್ದ ಕಾಲವದು. ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಖೆಡ್ಡಾ ಕೆಲಸವನ್ನು ಸ್ಯಾಂಡರ್ಸನ್ ಎಂಬ ಅಧಿಕಾರಿಯು 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಮೊದಲು ಸಾಧಿಸಿದನು. ಅದಕ್ಕೆ ನೂರು ವರ್ಷಗಳ ಹಿಂದೆ ಹೈದರನು ಕಾಕನಕೋಟೆಯಲ್ಲಿ ಇದೇ ಪ್ರಯತ್ನವನ್ನು ಮಾಡಿ ಸೋತು, ಮುಂದೆ ಯಾರಿಂದಲೂ ಇದು ಆಗದೆಂದು ಶಾಪದೊಡನೆ ಕಲ್ಲಿನಲ್ಲಿ ಬರೆಯಿಸಿದನೆಂಬ ಸಂಗತಿಯನ್ನು ಸ್ಯಾಂಡರ್ಸನ್ನನು ತನ್ನ ಪುಸ್ತಕದಲ್ಲಿ ಸಂತೋಷದಿಂದ ಹೇಳಿಕೊಂಡಿದ್ದಾನೆ. ಕಾಕನಕೋಟೆಯ ಖೆಡ್ಡಾಗಳು ಮುಂದೆ ಲೋಕಪ್ರಸಿದ್ಧವಾದುವು. ಕಟ್ಟಕಡೆಯದು 1971ರಲ್ಲಿ ನಡೆಯಿತು. ಆ ಬಳಿಕ ಕಬಿನಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಆ ನೆಲವನ್ನು ಮುಳುಗಿಸಿತು.

ಬೇಟೆಯೇ ಕಾಡಿನ ರಕ್ಷಣೆಗೂ ಕಾರಣವಾದುದು ವಿಚಿತ್ರವಾದ ಸಂಗತಿ. ಅರಸರ ಬೇಟೆಗೆ ಮೀಸಲಾದ ಅರಣ್ಯಕ್ಕೆ ಬೇರೆಯವರ ಕೊಡಲಿಯೂ ಕೋವಿಯೂ ಹೋಗುವಂತಿರಲಿಲ್ಲ. 1931ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬಂಡೀಪುರದ ಸುತ್ತಿನ 90 ಚದರ ಕಿಲೋಮೀಟರುಗಳಷ್ಟು ಪ್ರದೇಶವನ್ನು ಮೃಗಗಳಿಗೆ ಅಭಯಸ್ಥಾನವಾಗಿ ಮಾಡಿದರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರುಗಳಿಗೆ ವಿಸ್ತರಿಸಲ್ಪಟ್ಟು, ಬೆಟ್ಟದ ಮೇಲಿನ ಸ್ವಾಮಿಯ ಹೆಸರಿನಿಂದ ವೇಣುಗೋಪಾಲ ವನ್ಯಮೃಗವನವೆಂದು ಕರೆಯಲ್ಪಟ್ಟಿತು. ದಾರಿಯ ಇನ್ನೊಂದು ತುದಿಯಲ್ಲಿ ಮದ್ರಾಸು ಸರ್ಕಾರದವರು 1940ರಲ್ಲಿಯೇ ಮುದುಮಲೆಯನ್ನು ಅಭಯಾರಣ್ಯವಾಗಿ ಮಾಡಿದ್ದರು. ಹೆಸರಿನ ಔಚಿತ್ಯವನ್ನು ಕೊಂಡಾಡಲೇಬೇಕು: ಗೋವುಗಳನ್ನು ಕಾಯುವ ದೇವನಿಗೆ ಕಾಡುಕೋಣಗಳ ಹಿಂಡನ್ನೂ ಒಪ್ಪಿಸಿದಂತಾಯಿತು. ಆದರೆ ಊರಿನ ದನಗಳಿಂದ ಕಾಡುಕೋಣಗಳಿಗೆ ಬಂದ ಕೇಡನ್ನು ದೇವರೂ ತಪ್ಪಿಸಲಿಲ್ಲ. 1968ರಲ್ಲಿ ದೊಡ್ಡರೋಗವು ಹಬ್ಬಿ ಈ ಎರಡು ಅರಣ್ಯಗಳಲ್ಲಿಯೂ ಕಾಡುಕೋಣಗಳು ಬಹುಸಂಖ್ಯೆಯಲ್ಲಿ ಸತ್ತುವು.

ಈ ದಾರಿಯಲ್ಲಿ ಸಂಸಾರಸಮೇತವಾಗಿ ಸುಖದಿಂದ ಪ್ರಯಾಣಮಾಡಿದವರಲ್ಲಿ ಮೊದಲಿಗರು ಮೈಸೂರಿನ ಅರಸು ಮನೆತನದವರೇ. ಉದಕಮಂಡಲದ ಫರ್ನ್‌ಹಿಲ್ ಅರಮನೆಯು ಅವರಿಗೆ ಬೇಸಿಗೆಯ ಬೀಡಾಗಿದ್ದಿತು. ಅರಮನೆಯ ಮೋಟಾರುಗಳ ಹಿಂದೆ ಅಧಿಕಾರಿಗಳ ಮೋಟಾರುಗಳೂ, ಅವುಗಳ ಹಿಂದೆ ಬಾಡಿಗೆಯ ಬಸ್ಸುಗಳೂ ಬಂದುವು. ಸ್ವಾತಂತ್ರ್ಯವು ಬಂದ ಮೇಲಿನ ದಶಕಗಳಲ್ಲಿ ಮಧ್ಯಮವರ್ಗದ ಗೃಹಸ್ಥನೂ ಮಕ್ಕಳ ಪರೀಕ್ಷೆಗಳು ಮುಗಿದೊಡನೆ ಹೆಂಡತಿ ಮಕ್ಕಳು, ಅತ್ತೆ ಮಾವಂದಿರೊಡನೆ ಒಂದು ಅಂಬಾಸಿಡರ್ ಕಾರಿನಲ್ಲಿ ಹಿಡಿಸಲಾರದಷ್ಟು ಜನರನ್ನು ಹಿಡಿಸಿಕೊಂಡು ಹೊರಡುವುದು ಸಾಮಾನ್ಯವಾಯಿತು. ನಂಜುಂಡೇಶ್ವರನ ದರ್ಶನ, ಗುಂಡ್ಲುಪೇಟೆಯಲ್ಲಿ ಕಾಫಿ, ಪುಳಿಯೋಗರೆ ಮೊಸರನ್ನಗಳ ಬುತ್ತಿಯನ್ನು ಬಿಚ್ಚುವುದಕ್ಕೆ ದಾರಿಬದಿಯ ಮರದ ನೆರಳು, ಇಂಜಿನ್ನು ಕಾದಾಗ ನೀರು ಹುಯ್ಯುವ ಕೆಲಸ. ಕಿಟಕಿಯ ಪಕ್ಕದ ಜಾಗಕ್ಕಾಗಿ ಮಕ್ಕಳ ಜಗಳ. ಜಿಂಕೆಗಳ ಹಿಂಡನ್ನು ಎಣಿಸತೊಡಗಿ ನೂರರ ಬಳಿ ಲೆಕ್ಕವು ತಪ್ಪಿದಾಗ ಮತ್ತೊಂದು ಜಗಳ. ಆನೆಯು ಕಂಡರೆ ಎಲ್ಲರೂ ಒಮ್ಮೆಗೇ ಮೌನ. ಪುಸ್ತಕದಲ್ಲಿ ಕಾಣುತ್ತಿದ್ದ ಅರಣ್ಯಕಾಂಡವನ್ನು ಕಣ್ಣಿನಿಂದ ಕಂಡ ಮಕ್ಕಳಿಗೆ ಅದರಿಂದ ದೊರೆತ ಶಿಕ್ಷಣವು ಯಾವ ಪಾಠಶಾಲೆಯಲ್ಲಿಯೂ ದೊರೆಯತಕ್ಕದ್ದಲ್ಲ. ಈ ಲಾಭವನ್ನು ಅಲ್ಪವೆಂದು ಎಣಿಸುವವರು ಕಾಡಿನ ಮಿತ್ರರಲ್ಲ. ಕಾಡನ್ನು ಕಾಣದವರು ಕಾಡಿಗಾಗಿ ಮಾತನಾಡುವುದು ಅಪೂರ್ವ.

1973ರ ಏಪ್ರಿಲಿನಲ್ಲಿ ಭಾರತ ಸರ್ಕಾರದವರು ಹುಲಿಯೋಜನೆಯನ್ನು ಪ್ರಾರಂಭಿಸಿ ಮೊದಲು ಆರಿಸಿಕೊಂಡ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು. ಕೋವಿಯ ಸದ್ದು ನಿಂತಿತು. ಜಾನ್‌ಸಿಂಗ್ ಎಂಬ ವಿದ್ವಾಂಸರು 1976ರಿಂದ 1978ರವರೆಗೆ ಇಲ್ಲಿ ನೆಲಸಿ ಸೀಳುನಾಯಿಗಳ ಜೀವನವನ್ನು ಅಭ್ಯಾಸಮಾಡಿದರು. ಅದುವರೆಗೆ ಕ್ರೂರಮೃಗವೆಂದು ಕಂಡಕಂಡಲ್ಲಿ ಕೊಲ್ಲಲ್ಪಡುತ್ತಿದ್ದ ಆ ಪ್ರಾಣಿಯೂ ಗುಂಪಿನಲ್ಲಿ ಮರಿಗಳನ್ನು ಸಾಕುವ ಸಂಸಾರಿಯೆಂಬುದು ಲೋಕಕ್ಕೆ ತಿಳಿಯಿತು. ಈ ಯಶಸ್ಸಿನ ಮಗ್ಗುಲಲ್ಲಿ ಮತ್ತೊಂದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಜೇನುಕುರುಬರೂ ಕಾಡುಕುರುಬರೂ ಈ ಅರಣ್ಯಗಳೊಳಗಿನ ತಮ್ಮ ಹಾಡಿಗಳನ್ನು ಬಿಟ್ಟು ಹೊರಗಿನ ಅಂಚಿಗೆ ಬರಬೇಕಾಯಿತು. ಪಟ್ಟಣದ ಸಂಸಾರಗಳು ವಿನೋದಕ್ಕಾಗಿ ಒಳಕ್ಕೆ ಬಂದ ಕಾಲದಲ್ಲಿಯೇ ಕಾಡಿನ ಸಂಸಾರಗಳು ಹೊರಕ್ಕೆ ಹೋದುವು. ಪ್ರವಾಸಿಗಳ ಬಂಡಿಯನ್ನು ನಡೆಸುವವರಲ್ಲಿಯೂ, ಬೇಸಿಗೆಯಲ್ಲಿ ಬೆಂಕಿಯನ್ನು ಕಾಯುವವರಲ್ಲಿಯೂ, ಆನೆಯ ಮಾವುತರಲ್ಲಿಯೂ ಇಂದು ಅವರ ಮಕ್ಕಳೇ ಇದ್ದಾರೆ.

ದಾರಿಯು ಡಾಂಬರನ್ನು ಕಂಡು ಅಗಲವಾದಂತೆ ಮೋಟಾರಿನ ವೇಗವು ಹೆಚ್ಚಿತು. ದೀಪದ ಬೆಳಕು ಪ್ರಖರವಾಯಿತು. ರಾತ್ರಿಯ ಹಳೆಯ ಭಯವು ಮಾಯವಾಯಿತು. ತರಕಾರಿ, ಮರಳು, ಮರಗಳ ಲಾರಿಗಳು ಇರುಳೆಲ್ಲ ಓಡತೊಡಗಿದುವು. ಕಣ್ಣು ಕೋರೈಸಿ ದಾರಿಯ ನಡುವೆ ನಿಂತುಬಿಡುವ ಜಿಂಕೆ, ಕಡವೆ, ಚಿರತೆಗಳು ಚಕ್ರಕ್ಕೆ ಸಿಕ್ಕಿ ಸಾಯುವುದು ನಿತ್ಯದ ಮಾತಾಯಿತು. ಇದನ್ನು ಕಂಡು 2009ರ ಜೂನಿನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿಸಂಚಾರವನ್ನು ನಿಷೇಧಿಸಿ ಆಜ್ಞೆಮಾಡಿದರು. ಕೆಲವೇ ದಿನಗಳಲ್ಲಿ ಅದು ಹಿಂತೆಗೆಯಲ್ಪಟ್ಟಿತು. ವಿವಾದವು ಉಚ್ಚ ನ್ಯಾಯಾಲಯಕ್ಕೆ ಹೋಗಿ, 2010ರ ಮಾರ್ಚಿಯಲ್ಲಿ ನಿಷೇಧವು ಸ್ಥಿರಪಟ್ಟಿತು. ರೋಗಿಗಳನ್ನು ಒಯ್ಯುವ ಬಂಡಿಗಳಿಗೂ ಸರ್ಕಾರದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿಯು ದೊರಕಿತು. ಕೇರಳದವರು ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು. 2019ರಲ್ಲಿ, ಹಗಲಿನಲ್ಲಿಯೂ ದಾರಿಯನ್ನು ಮುಚ್ಚಿ ಬದಲು ಮಾರ್ಗವನ್ನು ಏಕೆ ಬಳಸಬಾರದೆಂಬ ಪ್ರಶ್ನೆಯು ಅಲ್ಲಿ ಎದ್ದಾಗ, ವಯನಾಡಿನ ಜನರು ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಕುಳಿತರು.

ವಯನಾಡಿನವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅವರ ಶುಂಠಿಯ ಬೇಸಾಯವೂ ವ್ಯಾಪಾರವೂ ಮಕ್ಕಳ ವಿದ್ಯಾಭ್ಯಾಸವೂ ಮೈಸೂರು ಬೆಂಗಳೂರುಗಳೊಡನೆ ಹೆಣೆದುಕೊಂಡಿವೆ. ಗುಂಡ್ಲುಪೇಟೆಯ ರೈತನು ಬೆಳೆದ ತರಕಾರಿಯೂ ಚೆಂಡುಹೂವೂ ಇಳಿಯುವುದು ಕೇರಳದ ಪೇಟೆಗಳಿಗೆ. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಗಳ ಬಳಸುದಾರಿಯನ್ನು ಹಿಡಿಯೆಂದು ಹೇಳುವುದು ಹೇಳುವವರಿಗೆ ಸುಲಭ. ಇರುಳಿನಲ್ಲಿ ಆ ದೂರವನ್ನು ಸವೆಸುವವನಿಗೆ ಸುಲಭವಲ್ಲ. ಇವೆಲ್ಲವನ್ನೂ ಒಪ್ಪಿದ ಮೇಲೆಯೂ ನಿಷೇಧವೇ ಸರಿಯೆಂದು ತೋರುತ್ತದೆ. ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡುಗಳು ಭೂಪಟದಲ್ಲಿ ನಾಲ್ಕು ಹೆಸರುಗಳಾದರೂ ಆನೆಗೆ ಒಂದೇ ಕಾಡು. ಏಷ್ಯದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಉಳಿದಿರುವುದು ಈ ನೀಲಗಿರಿಯ ಸುತ್ತಿನ ಅರಣ್ಯಗಳಲ್ಲಿಯೇ. ಬೇಸಿಗೆಯು ಬಲಿತು ಕೆರೆಗಳು ಬತ್ತಿದಾಗ ಹಿಂಡುಗಳು ಕಬಿನಿಯ ಹಿನ್ನೀರಿನ ಕಡೆಗೆ ನಡೆಯುತ್ತವೆ. ಶಾಲೆಗಳಿಗೆ ರಜೆಯು ಬಂದು ಸಂಸಾರಗಳು ಬೆಟ್ಟದ ತಂಪಿಗೆ ಹೊರಡುವುದೂ ಅದೇ ತಿಂಗಳುಗಳಲ್ಲಿ. ಸೆಕೆಯಿಂದ ತಪ್ಪಿಸಿಕೊಳ್ಳುವ ಎರಡು ಯಾತ್ರೆಗಳು ಒಂದೇ ಜಾಗದಲ್ಲಿ ಒಂದನ್ನೊಂದು ಅಡ್ಡಹಾಯುತ್ತವೆ. ಹದಿನೈದು ಗಂಟೆಗಳನ್ನು ಒಬ್ಬರಿಗೆ ಕೊಟ್ಟು ಒಂಬತ್ತು ಗಂಟೆಗಳನ್ನು ಮತ್ತೊಬ್ಬರಿಗೆ ಉಳಿಸಿರುವ ಪಾಲು ಪಾರಿಕತ್ತಿನಲ್ಲಿ ಮನುಷ್ಯನಿಗೇನೂ ಕಡಮೆಯಾಗಿಲ್ಲ. ಇದನ್ನು ಕಂಡೇ ಇರಬೇಕು, ಚಾಮರಾಜನಗರದಿಂದ ದಿಂಬಂ ಘಟ್ಟವನ್ನು ಇಳಿಯುವ ಸತ್ಯಮಂಗಲದ ದಾರಿಯಲ್ಲಿಯೂ 2022ರ ಫೆಬ್ರವರಿಯಿಂದ ಮದ್ರಾಸಿನ ಉಚ್ಚ ನ್ಯಾಯಾಲಯವು ರಾತ್ರಿಯ ನಿರ್ಬಂಧವನ್ನು ಜಾರಿಗೆ ತಂದಿತು.

ಹಗಲಿನ ಪಾಲನ್ನು ಪಡೆದವರ ನಡತೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವಿದೆ. ಕಾಡಿನ ನಡುವೆ ಬಂಡಿಯನ್ನು ನಿಲ್ಲಿಸಿ ಕೋತಿಗಳಿಗೆ ಬಾಳೆಯಹಣ್ಣನ್ನೂ ಬಿಸ್ಕತ್ತನ್ನೂ ಎಸೆಯುವುದನ್ನು ಕೆಲವರು ಭೂತದಯೆಯೆಂದು ತಿಳಿದಿದ್ದಾರೆ. ಹಣ್ಣಿಗಾಗಿ ದಾರಿಗಿಳಿದ ಕೋತಿಯು ಚಕ್ರಕ್ಕೆ ಸಿಕ್ಕುತ್ತದೆ. ಕೊಟ್ಟವನು ಆ ಹೊತ್ತಿಗೆ ಎರಡು ಹರದಾರಿ ಮುಂದೆ ಇರುತ್ತಾನೆ. ಆಸನೂರಿನ ಕಡೆಯ ದಾರಿಯಲ್ಲಿ ಕಬ್ಬಿನ ರುಚಿಯನ್ನು ಹಿಡಿದ ಆನೆಗಳು ಲಾರಿಗಳನ್ನು ತಡೆದು ಸುಂಕವನ್ನು ಎತ್ತುವ ಪರಿಪಾಟಿಯನ್ನು ಕಲಿತಿವೆ. ನೋಡುವವರಿಗೆ ಅದು ನಗೆಯ ವಿಷಯ, ಆನೆಗೆ ಅಲ್ಲ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಕಾಡು ಹತ್ತಿ ಉರಿದಾಗ, ದಿನಗಟ್ಟಲೆ ಸೊಪ್ಪುಗಳಿಂದ ಬಡಿದು ಬಡಿದು ಬೆಂಕಿಯನ್ನು ಆರಿಸಿದವರನ್ನು ಕಂಡವರು, ದಾರಿಬದಿಗೆ ಬೆಂಕಿಕಡ್ಡಿಯನ್ನು ಎಸೆಯಲಾರರು. ಆ ಬೆಟ್ಟಕ್ಕೆ ಈಗ ಸ್ವಂತ ಬಂಡಿಗಳು ಹತ್ತುವಂತಿಲ್ಲ. ತಪ್ಪಲಿನಲ್ಲಿ ಇಳಿದು, ಸರ್ಕಾರದ ಬಸ್ಸಿನಲ್ಲಿಯೇ ಎಲ್ಲರೂ ಸ್ವಾಮಿಯ ಸನ್ನಿಧಿಗೆ ಹೋಗಬೇಕು. ಉದಕಮಂಡಲಕ್ಕೆ ಹೋಗುವ ಬಂಡಿಗಳು 2024ರ ಮೇ ತಿಂಗಳಿನಿಂದ ಮೊದಲೇ ರಹದಾರಿಯನ್ನು ಪಡೆಯಬೇಕೆಂದೂ ಮದ್ರಾಸಿನ ಉಚ್ಚ ನ್ಯಾಯಾಲಯವು ವಿಧಿಸಿತು.

ರಾತ್ರಿಯ ಒಂಬತ್ತು ಗಂಟೆಯು ಸಮೀಪಿಸಿದಂತೆ ಮೇಲುಕಾಮನಹಳ್ಳಿಯ ಗೇಟಿನಲ್ಲಿ ಪ್ರತಿದಿನವೂ ನೂಕುನುಗ್ಗಲು. ಎರಡು ನಿಮಿಷ ತಡವಾಗಿ ಬಂದ ಸಂಸಾರವೊಂದು ಕಾವಲುಗಾರನನ್ನು ಬೇಡಿಕೊಂಡು, ಬೆದರಿಸಿ, ಮತ್ತೆ ಬೇಡಿಕೊಂಡು, ಕೊನೆಗೆ ನಿದ್ದೆಹೋದ ಮಕ್ಕಳೊಡನೆ ಗುಂಡ್ಲುಪೇಟೆಯ ಕಡೆಗೆ ಬಂಡಿಯನ್ನು ತಿರುಗಿಸುತ್ತದೆ. ಲಾರಿಗಳವರು ಜಗಳಾಡುವುದಿಲ್ಲ, ಸಾಲಾಗಿ ನಿಲ್ಲಿಸಿ, ಒಲೆ ಹೂಡಿ ಅಡಿಗೆಮಾಡಿಕೊಂಡು, ಬಂಡಿಯ ಕೆಳಗೆ ಹಾಸಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ಗೇಟು ತೆರೆಯುತ್ತದೆ. ಮೊದಲು ಹೊರಟ ಬಂಡಿಯವರಿಗೆ ದಾರಿಯ ಮೇಲೆ ಅಲ್ಲಲ್ಲಿ ಇನ್ನೂ ಹಬೆಯಾಡುವ ಆನೆಯ ಲದ್ದಿಯು ಕಾಣಸಿಗುತ್ತದೆ.